ಎಲೆಯೆದುರು ಇಟ್ಟ ಕ್ಯಾಮೆರಾ

ಕಾವಲಿ ಕಾಯುವುದಕ್ಕಿಂತ ಮೊದಲು ಭುಜಂಗ ಶೆಟ್ಟಿಯ ತಲೆ ಕಾಯುತ್ತದೆ ಎಂದು ಅವನ ಹೋಟೆಲಿನ ಅಡುಗೆಯ ಗುರಣ್ಣ ಹೇಳುತ್ತಿದ್ದ. ಆ ಮಧ್ಯಾಹ್ನ ಮಾತ್ರ ಭುಜಂಗ ಹಬ್ಬದ ಕಳೆಯಲ್ಲಿದ್ದ. ಊಟದ ಗಿರಾಕಿಗಳು ಹೋಗಿದ್ದರು, ಚಹಾದವರು ಇನ್ನೂ ಬಂದಿರಲಿಲ್ಲ. ಪುಣೆಯ ಕೋಥರೂಡದ ಬಸ್ಸುಗಳ ಗದ್ದಲ ಒಳಗೆ ಬರದ ಹಾಗೆ ಶಟರ್ ಅರ್ಧ ಇಳಿಸಿ, ಟೇಬಲುಗಳನ್ನು ಬದಿಗೆ ತಳ್ಳಿ, ಗೋಡೆಗೆ ಬಿಳಿ ಪಂಚೆ ಕಟ್ಟಿದ್ದರು. ಅದರ ಮೇಲೆ ವಾರೆನ್ ತನ್ನ ಸಿನಿಮಾ ತೋರಿಸುವವನಿದ್ದ.

ವಾರೆನ್ ಅಮೆರಿಕದವನು. ಯಾವ ಕಂಪನಿಯ ಹಂಗೂ ಇಲ್ಲದೆ ಸಿನಿಮಾ ಮಾಡುವ ನಿರ್ದೇಶಕ. ಮೊದಲನೆಯದನ್ನು ಅಪ್ಪನ ಗ್ಯಾರೇಜಿನಲ್ಲಿ, ಯಾರದೋ ಕ್ಯಾಮೆರಾ ಕೇಳಿ ತಂದು ತೆಗೆದು ಹೆಸರು ಮಾಡಿದ್ದ. ದೊಡ್ಡ ಸ್ಟುಡಿಯೋದವರು ಕಾರು ಕಳಿಸಿ ಕರೆಸಿಕೊಂಡಾಗ, ನಟರೂ ನಿಮ್ಮವರೇ ಕತೆಯೂ ನಿಮ್ಮದೇ ಆದರೆ ನನಗೇನು ಕೆಲಸ ಎಂದು ಎದ್ದು ಬಂದಿದ್ದ. ಆಮೇಲಿನ ಸಿನಿಮಾಗಳನ್ನು ಯಾರೂ ನೋಡಲಿಲ್ಲ. ಹೆಂಡತಿ ಬಿಟ್ಟುಹೋದಳು. ಸಿನಿಮಾ ಕಲಿಯುವ ಹುಡುಗರಿಗೆ ಪಾಠ ಹೇಳಲು ಪುಣೆಗೆ ಬಂದವನು ಊಟಕ್ಕೆಂದು ಭುಜಂಗನ ಹೋಟೆಲಿಗೆ ಬಂದ, ಬಂದವನು ನಿಮ್ಮ ಬದುಕೇ ನನ್ನ ಸಿನಿಮಾ ಎಂದು ಹೋಟೆಲಿನ ಮಹಡಿಯ ಮೇಲಿದ್ದ ಭುಜಂಗನ ಮನೆಯಲ್ಲೇ ಚಾಪೆ ಹಾಸಿಕೊಂಡ. ಅದು ಅವನ ಪದ್ಧತಿಯಂತೆ. ಯಾರನ್ನು ತೆಗೆಯುತ್ತಾನೋ ಅವರ ಮನೆಯಲ್ಲೇ ಇರುವುದು, ಅವರ ಪಾತ್ರೆ ತೊಳೆಯುವುದು, ಅವರ ಮಾತು ಅಷ್ಟಿಷ್ಟು ಕಲಿಯುವುದು, ಕೊನೆಗೆ ಜಗತ್ತಿಗಿಂತ ಮೊದಲು ಅವರಿಗೇ ತೋರಿಸುವುದು. ಈ ಕೊನೆಯ ಮಾತಿಗೆ ಭುಜಂಗ ಮನಸೋತಿದ್ದ.

ಸಿನಿಮಾ ಶುರುವಾಯಿತು. ಗುರಣ್ಣ ದೋಸೆ ಮಗುಚುತ್ತ ಮೂಗು ಕೆರೆದುಕೊಂಡ.

"ಏ ಅಣ್ಣಾರ, ಇದನ್ನ ತಗೀಸ್ರಿ! ಊರಾಗ ನನ್ನ ಹೇಣ್ತಿ ನೋಡಿದ್ರ ಮರ್ಯಾದಿ ಹೋಗ್ತದ!"

"ನಿಂಗೆ ಇದ್ದರಲ್ಲ ಮಾರಾಯ ಹೋಗುದು!" ಎಂದ ಭುಜಂಗ. ಎಲ್ಲರೂ ನಕ್ಕರು. ಹೆಂಡತಿ ಲೀಲಾಕ್ಷಿಯೂ ನಕ್ಕಳು. ಅವಳು ನಕ್ಕದ್ದನ್ನು ಕಂಡು ಭುಜಂಗನಿಗೆ ವಾರೆನ್‌ನನ್ನು ಅಪ್ಪಿಕೊಳ್ಳಬೇಕೆನಿಸಿತು. ಮಗ ಸುದೀಪ ಹೋದಂದಿನಿಂದ ಆ ನಗು ಮನೆಯಲ್ಲಿ ಕೇಳಿರಲಿಲ್ಲ. ರಾಂಜಣಗಾಂವದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬೈಕಿನಲ್ಲಿ ಬರುತ್ತಿದ್ದವನನ್ನು ಟ್ರಕ್ಕು ಹೊಡೆದಿತ್ತು.

ಆಗ ಪಂಚೆಯ ಮೇಲೆ ಬಾಳೆ ಎಲೆ ಕಾಣಿಸಿತು. ಕೋಳಿ ಸಾರು, ರೊಟ್ಟಿ, ಒಂದು ಲೋಟ ನೀರು, ಪಕ್ಕದಲ್ಲಿ ದೀಪ. ಸುದೀಪನ ವರ್ಷದ ದಿನ ಬಡಿಸಿದ ಎಲೆ. ಭುಜಂಗನ ಊರ ಕಡೆ ಸತ್ತವರಿಗೆ ಹೀಗೆ ಬಡಿಸಿ, ಬಾಗಿಲು ಹಾಕಿ, ಮನೆಯವರೆಲ್ಲ ಹೊರಗೆ ನಿಲ್ಲುತ್ತಾರೆ. ಉಣ್ಣುವವರನ್ನು ಯಾರೂ ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು ಕೆಮ್ಮಿ, ಬರುತ್ತಿದ್ದೇವೆ ಎಂದು ತಿಳಿಸಿಯೇ ಬಾಗಿಲು ತೆಗೆಯುವುದು.

ಪಂಚೆಯ ಮೇಲೆ ಬಾಗಿಲು ಮುಚ್ಚಿಕೊಂಡಿತು. ಒಳಗೆ ಕೂತವರಿಗೆ ಕಾಣುವ ಹಾಗೆ.

ಭುಜಂಗನಿಗೆ ಅರ್ಥವಾಗಲು ಒಂದು ಉಸಿರು ಹಿಡಿಯಿತು. ಆ ದಿನ ವಾರೆನ್ ಹೊರಗೆ ಅವರ ಪಕ್ಕದಲ್ಲೇ ಕೈ ಮುಗಿದು ತಲೆ ತಗ್ಗಿಸಿ ನಿಂತಿದ್ದ. ಕ್ಯಾಮೆರಾ ಒಳಗೆ ಅಕ್ಕಿ ಡಬ್ಬಿಯ ಮರೆಯಲ್ಲಿತ್ತು. ಎಲೆ ಇದ್ದ ಹಾಗೇ ಇತ್ತು. ದೀಪ ಅಲ್ಲಾಡಲಿಲ್ಲ. ಯಾರೂ ಬರಲಿಲ್ಲ. ಬಾಗಿಲ ಆಚೆಯಿಂದ ಮಾತ್ರ ಗಂಡಸೊಬ್ಬನ ಒಡೆದ ದನಿ ಕೇಳಿತು: "ಉಂಡು ಹೋಗು ಮಗಾ. ಅಪ್ಪ ಬಯ್ಯುದಿಲ್ಲ, ಉಂಡು ಹೋಗು."

ಅದು ಭುಜಂಗನದೇ ದನಿ. ಹೆಂಡತಿಗೂ ಕೇಳದಂತೆ ಬಾಗಿಲಿಗೆ ಬಾಯಿಟ್ಟು ಆಡಿದ್ದ ಮಾತು. ಈಗ ಗುರಣ್ಣನಿಂದ ಪಾತ್ರೆ ತೊಳೆಯುವವರ ತನಕ ಎಲ್ಲರೂ ಕೇಳಿದರು.

"ನಿಲ್ಲಿಸು!" ಭುಜಂಗ ಹಾರಿ ಹೋಗಿ ಪಂಚೆಯನ್ನು ಎಳೆದು ಹರಿದ. ಎಲೆಯ ಚಿತ್ರ ಬೋಳು ಗೋಡೆಯ ಮೇಲೆ ಹಾಗೇ ನಿಂತಿತು. "ಆರಿಸು ಅದನ್ನು! ನಾಚಿಕೆ ಇಲ್ವನಾ ನಿಂಗೆ? ನನ್ನ ಮನೆ ಅನ್ನ ತಿಂದು, ನನ್ನ ಮಗನ ಎಲೆಗೆ ಕ್ಯಾಮೆರಾ ಇಡ್ತೀಯಾ?"

ವಾರೆನ್ ಯಂತ್ರ ಆರಿಸಿದ. ಅವನು ಆಡಿದ ಇಂಗ್ಲಿಷನ್ನು ಮಗಳು ಪ್ರಣೀತಾ ಹಲ್ಲು ಕಚ್ಚಿಕೊಂಡು ಕನ್ನಡ ಮಾಡಿದಳು: "ನಾನು ಜೀವಮಾನದಲ್ಲಿ ತೆಗೆದದ್ದರಲ್ಲಿ ಇದೇ ಅತ್ಯಂತ ನಿಜವಾದದ್ದು ಅಂತೆ ಪಪ್ಪಾ. ಇದಿಲ್ಲದಿದ್ದರೆ ಸಿನಿಮಾವೇ ಇಲ್ಲವಂತೆ."

"ಕತ್ತರಿಸಲಿಕ್ಕೆ ಹೇಳು."

ವಾರೆನ್ ಏನೋ ಗೊಣಗಿದ. ಪ್ರಣೀತಾಳ ಮುಖ ಕೆಂಪಾಯಿತು.

"ಕಳಿಸಿ ಆಗಿದೆಯಂತೆ. ಯುರೋಪಿನ ದೊಡ್ಡ ಚಿತ್ರೋತ್ಸವಕ್ಕೆ. ಅವರು ಒಪ್ಪಿಯೂ ಆಗಿದೆ, ಆ ಎಲೆಯ ದೃಶ್ಯಕ್ಕಾಗಿಯೇ. ಈಗ ಹಿಂದೆ ತಗೊಂಡರೆ ಇನ್ನೊಮ್ಮೆ ಯಾರೂ ಕರೆಯುವುದಿಲ್ಲ, ಇದೇ ತನ್ನ ಕಡೆಯ ಅವಕಾಶ ಅಂತಿದ್ದಾರೆ."

"ಮೊದಲು ನಮಗೆ ತೋರಿಸ್ತೇನೆ ಅಂದಿದ್ದಿ, ಸುಳ್ಳಾ!" ಭುಜಂಗ ಅವನ ಅಂಗಿಯ ಕೊರಳಪಟ್ಟಿ ಹಿಡಿದ. "ಸ್ಟುಡಿಯೋದವರ ಹಂಗು ಬೇಡ ಅಂತ ಎದ್ದು ಬಂದವನಲ್ವಾ ನೀನು? ಅವರು ಕೇಳಿಯಾದರೂ ತಗೊಳ್ತಿದ್ರು. ನೀನು ಕದ್ದಿ!"

"ಬ್ಯಾಡ್ರಿ ಅಣ್ಣಾರ, ಕೈ ಬಿಡ್ರಿ," ಎಂದು ಗುರಣ್ಣ ನಡುವೆ ಬಂದ. ಆದರೆ ಅವನೂ ವಾರೆನ್‌ನ ಮುಖ ನೋಡಲಿಲ್ಲ.

ಲೀಲಾಕ್ಷಿ ಇಷ್ಟು ಹೊತ್ತೂ ಬೋಳು ಗೋಡೆಯನ್ನೇ ನೋಡುತ್ತಿದ್ದಳು. ಯಾರೂ ಬರಲಿಲ್ಲ ಎನ್ನುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಇನ್ನು ಇವಳಿಗೆ ಏನು ಉಳಿಯಿತು ಎಂದು ಭುಜಂಗ ಹಿಡಿದ ಕೊರಳಪಟ್ಟಿಯನ್ನು ಇನ್ನೂ ಬಿಗಿ ಮಾಡಿದ. ಅವಳು ಎದ್ದಳು.

"ಇಕೊಳ್ಳಿ, ಅವನನ್ನು ಬಿಡಿ. ಒಳಗೆ ಪರವೂರಿನವನ ಕಣ್ಣು ಇದ್ದರೆ ನನ್ನ ಮಗ ಹೇಗೆ ಉಣ್ಣುದು? ಹಸಿದು ಹೋಗಿದ್ದಾನೆ. ಗುರಣ್ಣ, ಎಲೆ ತೊಳಿ. ಕೋಳಿ ಸಾರು ಉಂಟಲ್ಲ?"

"ಬಿಸಿ ಅದ ಅಕ್ಕಾರ," ಎಂದ ಗುರಣ್ಣ, ಕಣ್ಣೊರೆಸಿಕೊಂಡು.

ಹೋಟೆಲಿನ ಉಗ್ರಾಣದ ಕೋಣೆಯಲ್ಲಿ ಬಡಿಸಿದರು. ಬಾಗಿಲು ಹಾಕುವ ಮೊದಲು ಭುಜಂಗ ಎಲ್ಲರ ಫೋನುಗಳನ್ನೂ ಗಲ್ಲಾದೊಳಗೆ ಇಡಿಸಿದ. ವಾರೆನ್ ತನ್ನದನ್ನು ಚಾಚಿದಾಗ, "ಅದು ನಿನ್ನ ಕೈಯಲ್ಲೇ ಇರಲಿ. ರಸ್ತೆ ಕಡೆ ತಿರುಗಿ ನಿಲ್ಲು," ಎಂದ. ಬಾಗಿಲು ಎಳೆದು ಅದಕ್ಕೆ ಬೆನ್ನು ಕೊಟ್ಟು, ಕೈಯಲ್ಲಿ ಸಾರಿನ ಸೌಟು ಹಿಡಿದೇ ನಿಂತ. ಈ ಸಲ ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ. ಆಡಬೇಕೆಂದರೂ ಬಾರದ ಹಾಗೆ ಆ ಕಳ್ಳ ಕ್ಯಾಮೆರಾ ಮಾಡಿಬಿಟ್ಟಿತ್ತು.

ಶಟರಿನ ಹತ್ತಿರ ವಾರೆನ್ ಯಾರಿಗೋ ಫೋನು ಮಾಡಿ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದ.

"ಹಿಂದೆ ತಗೊಂಡರು ಪಪ್ಪಾ," ಎಂದು ಪ್ರಣೀತಾ ಪಿಸುಗುಟ್ಟಿದಳು. "ಸಿನಿಮಾ ತೋರಿಸಬೇಡಿ ಅಂತ ಚಿತ್ರೋತ್ಸವದವರಿಗೆ ಹೇಳಿಬಿಟ್ಟರು."

ಭುಜಂಗ ಕೇಳಿಸಿಕೊಂಡ. ಸಿಟ್ಟು ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ತಿರುಗಿ, ಜೋರಾಗಿ ಕೆಮ್ಮಿದ. ಲೀಲಾಕ್ಷಿ ಬಾಗಿಲು ತೆಗೆದು ಒಳಗೆ ಹೋದಳು, ಎಲೆಯ ಮುಂದೆ ಕೂತಳು. ಏನು ಕಂಡಳೋ, ಯಾರೂ ಕೇಳಲಿಲ್ಲ. ಅವಳ ಭುಜ ಸಡಿಲಾದದ್ದನ್ನು ಭುಜಂಗ ನೋಡಿದ.

ವಾರೆನ್ ಚೀಲ ಹೆಗಲಿಗೇರಿಸಿ ಕೈ ಮುಗಿದ.

"ಆ ಕೈ ಕೆಳಗಿಳಿಸು," ಎಂದ ಭುಜಂಗ. "ಅವತ್ತೂ ಹೀಗೇ ಮುಗಿದಿದ್ದಿ."

ಶಟರ್ ಎತ್ತಲು ಹೋದ ಗುರಣ್ಣನನ್ನು ಅವನು ಕಣ್ಣಲ್ಲೇ ತಡೆದ. ಉದ್ದನೆಯ ಆ ಮನುಷ್ಯ ಅರ್ಧ ಇಳಿದ ಶಟರಿನಡಿ ಬೆನ್ನು ಬಗ್ಗಿಸಿ, ಸಿಕ್ಕಿಕೊಂಡ ಚೀಲವನ್ನು ಎಳೆದುಕೊಂಡು ಹೊರಗೆ ಹೋದ. ಆಮೇಲೆಯೇ ಭುಜಂಗ ಶಟರನ್ನು ಪೂರ್ತಿ ಎತ್ತಿ, ಚಹಾಕ್ಕೆ ನೀರಿಡಲು ಹೇಳಿದ.