ಸಣ್ಣಸ್ವಾಮಿಯ ಗೊರಕೆ, ಮಾರಿಯ ಕಾಲು

ಗಾಳಿಬೀಡಿನ ಕಾಫಿ ತೋಟವೊಂದರ ಕೂಲಿಯವರ ಲೈನ್ ಮನೆಗಳಲ್ಲಿ ಎರಡೆರಡು ಮನೆಗೆ ಒಂದೇ ಗೋಡೆ. ಜೀಪ್ ಡ್ರೈವರ್ ಸಣ್ಣಸ್ವಾಮಿ ಮಲಗಿದರೆ ಪಕ್ಕದ ಮನೆಯ ಮಾರಿಗೂ ಗೊತ್ತಾಗುತ್ತಿತ್ತು. "ಗರಗಸ ಶುರುವಾಯ್ತು ನೋಡಿ," ಎಂದು ಎಲ್ಲರನ್ನೂ ನಗಿಸುತ್ತಿದ್ದಳು.

ಈಗ ಮಾರಿ ನಗಿಸುವುದಿಲ್ಲ. ಕಾಫಿ ಹಣ್ಣಿನ ಪಿಕ್ಕಿಂಗ್‌ಗೆ ಹೆಂಗಸರನ್ನು ಕರೆದೊಯ್ಯುತ್ತಿದ್ದ ಜೀಪು ಹಾಡಹಗಲೇ ತಿರುವಿನಲ್ಲಿ ಚರಂಡಿಗೆ ಇಳಿಯಿತು. ಅವಳ ಕಾಲು ಮುರಿಯಿತು. ಬ್ರೇಕ್ ಹಿಡಿಯಲಿಲ್ಲ ಅಂದ ಸಣ್ಣಸ್ವಾಮಿ. ಎಲ್ಲರೂ ನಂಬಿದರು.

ಜೀಪು ರಿಪೇರಿಯಾಗಿ ಬಂದ ದಿನ ಆಶಾ ಕಾರ್ಯಕರ್ತೆ ರಶ್ಮಿತಾ ಮಾರಿಯನ್ನು ನೋಡಲು ಬಂದಿದ್ದಳು. ಸಣ್ಣಸ್ವಾಮಿಯ ಹೆಂಡತಿ ತುಳಸಿ ಗಂಜಿ ತಂದಿದ್ದಳು. ಹಿಂದೆಯೇ ಅವನೂ ಬಂದ.

"ನಾಳೆಯಿಂದ ಮತ್ತೆ ಜೀಪು ತೆಗೀತೀನಿ ಮಾರಕ್ಕ. ಬ್ರೇಕೆಲ್ಲ ಹೊಸ್ದು."

"ಬ್ರೇಕಾ?" ಮಾರಿ ಅವನ ಮುಖ ನೋಡಲಿಲ್ಲ. "ನಾನು ಮುಂದಿನ ಸೀಟಲ್ಲೇ ಕೂತಿದ್ದೆನಲ್ಲ ಸ್ವಾಮಿ. ನಿನ್ ಕಣ್ಣು ಮುಚ್ಚಿತ್ತು. ತೋಟದ ಲೆಕ್ಕ ಬರೆಯೋ ರೈಟರ್ ಕೇಳಿದಾಗ್ಲೂ ಹೇಳ್ಲಿಲ್ಲ, ನಿನ್ ಕೆಲ್ಸ ಹೋಗತ್ತೆ ಅಂತ."

ತುಳಸಿ ಅಳತೊಡಗಿದಳು. "ಗೊರಕೆ ಮಧ್ಯೆ ಇವರ ಉಸಿರೇ ನಿಂತೋಗತ್ತೆ ರಶ್ಮಿತಕ್ಕ. ಆಮೇಲೆ ಕತ್ತು ಹಿಸುಕಿದಂಗೆ ಒದ್ದಾಡಿ ಏಳ್ತಾರೆ."

"ಗೊರಕೆ ಅಂದ್ರೆ ಒಳ್ಳೆ ನಿದ್ದೆ ತಾನೆ?" ಅಂದ ಸಣ್ಣಸ್ವಾಮಿ. "ಚಳಿಗೆ ಒಂಚೂರು ಬ್ರಾಂದಿ ಹಾಕಿದ್ರೆ ಮಲಗಿದ್ದೇ ಗೊತ್ತಾಗಲ್ಲ."

"ಅದೇ ತಪ್ಪು ಸ್ವಾಮಣ್ಣ," ಅಂದಳು ರಶ್ಮಿತಾ. " ಬ್ರಾಂದಿಗೆ ಗಂಟಲು ಇನ್ನೂ ಸಡಿಲ ಆಗಿ ಉಸಿರಿನ ದಾರಿ ಮುಚ್ಚತ್ತೆ. ಮಲಗಿರ್ತೀರಿ, ನಿದ್ದೆ ಆಗಿರಲ್ಲ. ಆ ನಿದ್ದೆ ಸ್ಟೇರಿಂಗ್ ಹಿಡಿದಾಗ ಬರತ್ತೆ. ಮೊದ್ಲು ದೊಡ್ಡಾಸ್ಪತ್ರೇಲಿ ನಿದ್ದೆ ಪರೀಕ್ಷೆ ಮಾಡಿಸಿ. ತೊಂದ್ರೆ ಕಮ್ಮಿ ಇದ್ರೆ ಹಲ್ಲಿನ ಡಾಕ್ಟ್ರು ಬಾಯಿ ಅಳತೆ ತಗೊಂಡು ಕ್ಲಿಪ್ ಥರ ಮಾಡ್ಕೊಡ್ತಾರೆ. ಮಲಗೋವಾಗ ಹಾಕ್ಕೊಂಡ್ರೆ ಕೆಳದವಡೆ ಮುಂದೆ ನಿಲ್ಲತ್ತೆ, ಗಂಟಲು ತೆರೆದಿರತ್ತೆ. ಜಾಸ್ತಿ ಇದ್ರೆ ಗಾಳಿ ಕೊಡೋ ಮಷಿನ್ ಬೇಕಾಗತ್ತೆ."

"ಹಲ್ಲು ಸೆಟ್ ಹಾಕ್ಕೊಂಡ ಮುದುಕ ಅಂತ ಲೈನೆಲ್ಲ ನಗತ್ತೆ."

"ನಗ್ಲಿ ಬಿಡು," ಅಂದಳು ಮಾರಿ. "ನನ್ನನ್ನ ಕುಂಟಿ ಅಂತಾರೆ."

ಸಣ್ಣಸ್ವಾಮಿ ಜೀಪಿನ ಕೀ ತೆಗೆದು ತುಳಸಿಯ ಕೈಗಿಟ್ಟ.

ಪರೀಕ್ಷೆಯಾಯಿತು, ಕ್ಲಿಪ್ ಸಾಕೆಂದರು. ಮೊದಮೊದಲು ದವಡೆ ನೋಯಿತು, ಜೊಲ್ಲು ಸುರಿಯಿತು. ಡಾಕ್ಟರು ಮತ್ತೆ ಸರಿಮಾಡಿಕೊಟ್ಟರು. ಬ್ರಾಂದಿ ಬಿಟ್ಟ. ಇನ್ನೊಮ್ಮೆ ಪರೀಕ್ಷಿಸಿ ಡಾಕ್ಟರು ಒಪ್ಪಿದ ಮೇಲೆಯೇ ಜೀಪು ಹತ್ತಿದ. ಮಾರಿ ಮಾತ್ರ ಇಳಿಜಾರಿನ ತೋಟಕ್ಕೆ ಇನ್ನು ಹೋಗಲಾರಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಗೊರಕೆಯ ನಡುವೆ ಉಸಿರು ಕಟ್ಟಿ ಏಳುವವರು, ಹಗಲೆಲ್ಲ ತೂಕಡಿಸುವವರು ಇದ್ದಾರೆಯೇ? ತಮಾಷೆ ಮಾಡಿ ಸುಮ್ಮನಾಗಬೇಡಿ, ಡಾಕ್ಟರ ಬಳಿ ಕರೆದೊಯ್ಯಿರಿ. ಫೋನಿನಲ್ಲಿ ತರಿಸಿದ ಕ್ಲಿಪ್ಪನ್ನು ನೀವೇ ಹಾಕಿಸಬೇಡಿ. ಕಣ್ಣು ಎಳೆಯುವವರಿಗೆ ಗಾಡಿ ಓಡಿಸಲು ಬಿಡಬೇಡಿ. ಒಬ್ಬರ ಕಾಲು ಮುರಿಯುವ ಮೊದಲೇ ಹೇಳಿ.