ವಾಸನೆಯಿಲ್ಲದ ಬಕೆಟ್ಟು

ನಾನು ಒರೆಸಿದ ನೆಲದ ಮೇಲೆ ನೊಣ ಕೂತರೆ ಜಾರಿ ಸೊಂಟ ಮುರಿದುಕೊಳ್ಳುತ್ತದೆ. ನಾನು ಕಲಸಿದ ಬ್ಲೀಚಿಂಗ್ ನೀರಿನ ಘಾಟಿಗೆ ಏಳು ಊರಾಚೆಯ ರೋಗಾಣುಗಳೂ ಗಂಟುಮೂಟೆ ಕಟ್ಟಿವೆ. ಈ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಉಳಿಸಿದ ಜೀವಕ್ಕಿಂತ ನನ್ನ ಬಕೆಟ್ಟು ಉಳಿಸಿದ್ದೇ ಹೆಚ್ಚು.

ಮೇಸ್ತ್ರಿಗೆ ಇದನ್ನೇ ಹೇಳುತ್ತಿದ್ದೆ. ಅವನ ಕಿವಿ ನನ್ನ ಕಡೆಗಿರಲಿಲ್ಲ. ಬಾಯಿ ಮಾತ್ರ ನನ್ನ ಅಕ್ಕನ ಕಡೆಗಿತ್ತು.

"ಕೈಲಾಗದ ಮುಂಡೇ! ತೊಟ್ಟಿಲು ಒರೆಸು ಅಂದ್ರೆ ಸವರಿ ಬಂದಿದೀಯ. ಮೂರು ಕೂಸಿಗೆ ನಂಜು ಹತ್ತಿದೆ. ಅದರಲ್ಲಿ ಒಂದು ಇವತ್ತು ಬೆಳಿಗ್ಗೆ ತೀರಿಹೋಯ್ತು. ನಾಳೆಯಿಂದ ಈ ಕಡೆ ತಲೆ ಹಾಕಬೇಡ."

ಹಸುಗೂಸುಗಳ ವಾರ್ಡು ಅಕ್ಕನದು. ಅವಳ ಬಕೆಟ್ಟಿಗೆ ಬ್ಲೀಚಿಂಗ್ ಔಷಧಿ ಕಲಸುವುದು ನನ್ನ ಕೆಲಸ.

"ಒಂದೊಂದು ಕಂಬಿನೂ ಒರೆಸಿದೀನಿ ಸಾರ್. ನನ್ನ ಮಕ್ಕಳ ಮೈ ಒರೆಸಿದ ಹಾಗೆ."

"ಬೊಗಳಬೇಡ!"

"ನಮ್ಮಕ್ಕ ಒರೆಸಿದ್ರೆ ಕಬ್ಬಿಣಾನೂ ಕನ್ನಡಿ ಆಗುತ್ತೆ ಸಾರ್," ಅಂದೆ. "ನನ್ನ ಬಕೆಟ್ಟಿನ ಘಾಟಿಗೆ ನಿಮ್ಮ ಮೀಸೆನೇ ಬಿಳಿಯಾಗಬೇಕಿತ್ತು!"

ಸೋಂಕು ತಡೆಯುವ ಹೊಣೆಯ ಸಿಸ್ಟರು ಅಲ್ಲೇ ನಿಂತಿದ್ದರು. ಬಗ್ಗಿ ಬಕೆಟ್ಟು ಮೂಸಿದರು. ಇನ್ನೊಮ್ಮೆ ಮೂಸಿದರು.

"ಏನಪ್ಪಾ, ಏಳು ಊರು ದಾಟೋ ಘಾಟು ನನ್ನ ಮೂಗಿಗೇ ಬರ್ತಿಲ್ವಲ್ಲ?"

"ನೆಗಡಿ ಇರಬೇಕು, ಸಿಸ್ಟರ್."

"ಇಲ್ಲ. ಇದು ಬರೀ ನೀರು."

ಅಕ್ಕ ನನ್ನ ಮುಖ ನೋಡಿದಳು. "ನಾಲ್ಕು ದಿನದಿಂದ ಔಷಧಿಗೆ ಕೈ ಉರೀತಿರಲಿಲ್ಲ ಕಣೋ. ಕೈ ಪಳಗಿತು ಅಂದ್ಕೊಂಡಿದ್ದೆ."

ಹುಟ್ಟಿದಾಗಿನಿಂದ ಒಣಗದ ನನ್ನ ನಾಲಿಗೆ ಒಣಗಿತು. ಅವಳ ಎರಡೂ ಕೈ ಹಿಡಿದು ಮೇಸ್ತ್ರಿಯ ಮೇಜಿನ ಮೇಲೆ ಅಂಗಾತ ಇಟ್ಟೆ. ಬೆರಳ ಸಂದಿಯಲ್ಲೆಲ್ಲ ಚರ್ಮ ಸುಲಿದು ಹಸಿ ಮಾಂಸ ಇನ್ನೂ ಕಾಣುತ್ತಿತ್ತು.

"ಗ್ಲೌಸ್ ಕೇಳಿದ್ಲು. 'ರಾಣಿ ಕೈಯೇನೇ ನಿಂದು?' ಅಂದ್ರಿ. ಊಟಕ್ಕೆ ಕೈ ಹಾಕಕ್ಕಾಗದೆ ಅಳ್ತಿದ್ಲು. ಔಷಧಿ ಬಿಟ್ಟು ನೀರು ತುಂಬಿದ್ದು ನಾನು. ಅವಳಿಗೆ ಗೊತ್ತಿಲ್ಲ. ಅವಳನ್ನ ಬಿಡಿ."

ಸಿಸ್ಟರು ಮೇಸ್ತ್ರಿಯತ್ತ ಕೈ ಚಾಚಿದರು. "ಬೀರು ಬೀಗದ ಕೈ ಕೊಡಿ. ಪೆಟ್ಟಿಗೆಗಟ್ಟಲೆ ಗ್ಲೌಸ್ ಕಳಿಸಿದೀನಿ ನಾನು."

"ಅವನ್ನ ತಪಾಸಣೆಯವರಿಗೆ ತೋರಿಸೋಕೆ ಅಂತ ಇಟ್ಟಿದೀನಿ. ಅವರು ಬರೋದು ಸೋಮವಾರ ಅಲ್ವಾ, ಸಿಸ್ಟರ್?" ಅಂದ ಮೇಸ್ತ್ರಿ.

ಅಕ್ಕ ನನ್ನಿಂದ ಕೈ ಕಿತ್ತುಕೊಂಡಳು. "ನನ್ನ ಕೈ ಕೊಳೆತು ಹೋಗಿದ್ರೂ ಆಗ್ತಿತ್ತಲ್ಲೋ, ಪಾಪಿ."

ವಾರ್ಡಿನೊಳಗೆ ಬೆಳಿಗ್ಗೆ ತೀರಿಹೋದ ಕೂಸಿನ ತಾಯಿ ಇನ್ನೂ ಅಳುತ್ತಿದ್ದಳು. ನಾನು ಒರೆಸಿದ ನೆಲದ ಮೇಲೆ ಒಂದು ನೊಣ ಕೂತು, ನಿಧಾನಕ್ಕೆ ಬಕೆಟ್ಟಿನವರೆಗೂ ನಡೆದುಹೋಯಿತು. ಅದರ ಸೊಂಟಕ್ಕೆ ಏನೂ ಆಗಲಿಲ್ಲ.