ಪಾಲುಪಟ್ಟಿಯ ಹನ್ನೆರಡು ಅಡಿ

ಕಡಬದಲ್ಲಿ ದಸ್ತಾವೇಜು ಬರೆಯುವವರ ಕಚೇರಿಯೊಂದರಲ್ಲಿ ಸುಪ್ರಿತಾ ಹದಿನೇಳು ವರ್ಷದಿಂದ ಟೈಪಿಸ್ಟ್. ಹಳೆಯ ಕೈಬರಹ ಓದುವುದರಲ್ಲಿ ಅವಳಷ್ಟು ಪಳಗಿದವರು ಆ ಸುತ್ತಿನಲ್ಲಿ ಇರಲಿಲ್ಲ. ಶಾಯಿ ಮಾಸಿದ್ದು, ಹುಳ ತಿಂದದ್ದು, ಅಕ್ಷರ ಅಕ್ಷರಕ್ಕೆ ಅಂಟಿಕೊಂಡದ್ದು, ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದಳು. ವಕೀಲರು ಕೂಡ ಅವಳಿಗೇ ತಂದು ತೋರಿಸುತ್ತಿದ್ದರು. ಅದಕ್ಕೆ ಅವಳಿಗೆ ಸಿಗುತ್ತಿದ್ದದ್ದು ಒಂದು ಲೋಟ ಚಹಾ.

ಜಾಗದ ವ್ಯವಹಾರ ಮಾಡುವ ಲತೀಶ್ ಒಮ್ಮೆ ಹೇಳಿದ, "ಅಕ್ಕಾ, ನನ್ನ ಹತ್ರ ಗಿರಾಕಿ ಉಂಟು. ನಿಮ್ಮ ಹತ್ರ ಕಣ್ಣು ಉಂಟು. ಬೇರೆಯವರಿಗೆ ಕಾಣದ್ದು ನಿಮಗೆ ಕಾಣ್ತದೆ. ಅದನ್ನು ಎಷ್ಟು ವರ್ಷ ಪುಕ್ಕಟೆ ಕೊಡುದು? ಅದೇ ನಿಮ್ಮ ಬಂಡವಾಳ."

ಆ ಮಾತು ಅವಳ ತಲೆಯಿಂದ ಹೋಗಲಿಲ್ಲ.

ತಿಂಗಳೊಳಗೆ ಕೋಡಿಂಬಾಳದ ಅಚ್ಚುತ ಬಂದ. ರಬ್ಬರ್ ಟ್ಯಾಪಿಂಗ್ ಮಾಡುವವನು, ಅವಳ ಗಂಡನ ಸಹಪಾಠಿ. ಅವನ ನಲವತ್ತು ಸೆಂಟ್ಸ್ ಜಾಗಕ್ಕೆ ವಾಹನ ಹೋಗುವ ದಾರಿ ಇರಲಿಲ್ಲ. ತಾಯಿಗೆ ಸೊಂಟ ಮುರಿದ ಮೇಲೆ ಪ್ರತಿ ಸಲ ಆಸ್ಪತ್ರೆಗೆ ಹೋಗುವಾಗ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ರಸ್ತೆಯವರೆಗೆ ಹೊತ್ತು ತರಬೇಕಿತ್ತು.

"ಜಾಗ ಮಾರಿ ಇಚಿಲಂಪಾಡಿಯಲ್ಲಿ ರಸ್ತೆ ಬದಿ ಒಂದು ಸಣ್ಣ ಮನೆ ತಗೊಳ್ಳುದು ಅಂತ ಉಂಟು. ಅದಕ್ಕೆ ಮೊದಲು ಅಜ್ಜನ ಪಾಲುಪಟ್ಟಿ ಒಮ್ಮೆ ನೋಡಿ ಸುಪ್ರಿತಕ್ಕ. ದಾರಿಯ ವಿಷಯ ಎಂತಾದ್ರೂ ಬರ್ದಿದೆಯಾ?"

ಮೂರನೇ ಪುಟದ ಕೊನೆಯಲ್ಲಿ ಅದು ಇತ್ತು. ಪಕ್ಕದ ತೋಟದ ಪಡುವಣ ಗಡಿಯಲ್ಲಿ ಹನ್ನೆರಡು ಅಡಿ ಅಗಲದ ದಾರಿ, ಶಾಶ್ವತ ಹಕ್ಕು. ಸುಪ್ರಿತಾ ಎರಡು ಸಲ ಓದಿದಳು. ಈ ಒಂದು ಸಾಲು ಹೇಳಿದರೆ ಅವನು ಮಾರಬೇಕಾಗಿಯೇ ಇಲ್ಲ.

"ದಾರಿಯದ್ದೆಂತ ಕಾಣುದಿಲ್ಲ, ಅಚ್ಚುತಣ್ಣ," ಎಂದಳು.

ವಾರ ಕಳೆದು ತಾನೂ ಲತೀಶನೂ ಸೇರಿ ಆ ಜಾಗ ತೆಗೆದುಕೊಳ್ಳುವುದಾಗಿ ತಿಳಿಸಿದಳು. ಅಚ್ಚುತನ ಮುಖ ಅರಳಿತು. "ನೀವೇ ತಗೊಳ್ಳುದಾದ್ರೆ ನನಗೆ ಹೆದರಿಕೆ ಇಲ್ಲ," ಎಂದ. ದಾರಿಯಿಲ್ಲದ ಜಾಗದ ಬೆಲೆಗೇ ಒಪ್ಪಿದ. ತನ್ನ ಪಾಲಿಗೆ ಅವಳು ಬಳೆಗಳನ್ನು ಅಡವಿಟ್ಟಳು. ಕ್ರಯಪತ್ರ ಟೈಪ್ ಮಾಡಿದವಳೂ ಅವಳೇ. ಅವನು ಓದದೆ ಸಹಿ ಹಾಕಿದ.

ನೋಂದಣಿ ಮುಗಿದ ಮೇಲೆ ಪಾಲುಪಟ್ಟಿಯ ನಕಲಿನ ಜೊತೆ ಪಕ್ಕದ ತೋಟಕ್ಕೆ ವಕೀಲರ ನೋಟಿಸು ಹೋಯಿತು. ಅವರು ಸ್ವಲ್ಪ ಕೂಗಾಡಿ ಸುಮ್ಮನಾದರು. ಜೆಸಿಬಿ ಬಂದು ದಾರಿ ಬಿಡಿಸಿತು, ಅಚ್ಚುತನ ಹಳೆಯ ಮನೆಯನ್ನೂ ಕೆಡವಿತು. ಅಲ್ಲಿ ಮಾಡಿದ ಐದು ಸೈಟುಗಳು ಆರು ತಿಂಗಳಲ್ಲಿ ಮಾರಾಟವಾದವು.

ಆಮೇಲೆ ಒಂದು ಮಧ್ಯಾಹ್ನ ಅಚ್ಚುತ ಕಚೇರಿಗೆ ಬಂದ. ಕೂರಲಿಲ್ಲ.

"ಅಮ್ಮ ದಿನಾ ಮನೆಗೆ ಹೋಗುವ ಅಂತಾರೆ. ಈಗ ಇಚಿಲಂಪಾಡಿಯದ್ದೇ ನಮ್ಮ ಮನೆ ಅಂದ್ರೆ ಒಪ್ಪುದಿಲ್ಲ. ದಾರಿ ಬಿಡಿಸಿದ್ದು ಅಜ್ಜನ ಪಾಲುಪಟ್ಟಿಯ ಸಾಲು ತೋರಿಸಿಯಂತೆ. ಒಂದು ಕೇಳ್ತೇನೆ. ಆ ದಿನ ಆ ಸಾಲು ನಿಮಗೆ ಕಂಡಿತ್ತಾ?"

ಸುಳ್ಳು ಹೇಳಬಹುದಿತ್ತು. "ಕಂಡಿತ್ತು," ಎಂದಳು.

"ಹಾಂ. ನಿಮಗೆ ಕಾಣದೆ ಹೋಗಿರಬಹುದು ಅಂತ ನಾನು ಮನೆಯಲ್ಲಿ ಹೇಳಿದ್ದೆ." ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಂಡು ಇಳಿದು ಹೋದ. ಜಗಳಕ್ಕೆ ಬಂದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಅವನು ಯಾರಲ್ಲಿ ಹೇಳಿದನೋ, ಹೇಳಲೇ ಇಲ್ಲವೋ. ಜನ ಹಳೆಯ ಪತ್ರ ಹಿಡಿದು ಅವಳ ಮೇಜಿಗೆ ಬರುವುದು ನಿಂತಿತು. ಕಚೇರಿಯ ಧಣಿ ಕೂಡ ದಾಖಲೆ ಕಪಾಟಿನ ಬೀಗದ ಕೈ ತಾವೇ ಇಟ್ಟುಕೊಳ್ಳತೊಡಗಿದರು. ಅವಳು ಕೆಲಸ ಬಿಟ್ಟಳು. ಮಾತಾಡಲು ಈಗ ಲತೀಶ್ ಒಬ್ಬನೇ ಉಳಿದ.

ಹೋದ ತಿಂಗಳು ಪುತ್ತೂರಿನಲ್ಲಿ ಅವನು ಜಾಗದಲ್ಲಿ ಹಣ ಹೂಡುವವರಿಗೆ ಒಂದು ಶಿಬಿರ ಮಾಡಿಸಿದ. ಅವಳನ್ನೂ ವೇದಿಕೆಗೆ ಕರೆದ.

"ನಮಗೆ ಗೊತ್ತಿರುವ ಕೆಲಸದಿಂದಲೇ ಶುರು ಮಾಡಬೇಕು," ಎಂದಳು ಸುಪ್ರಿತಾ. ಎದುರಿಗಿದ್ದವರು ಅದನ್ನು ಬರೆದುಕೊಂಡರು.

ಹಿಂದಿನ ಸಾಲಿನ ಹೆಂಗಸೊಬ್ಬಳು ಎದ್ದು ಕೇಳಿದಳು, "ಮೇಡಂ, ಮೊದಲನೇ ಜಾಗ ನಿಮಗೆ ಹೇಗೆ ಸಿಕ್ಕಿದ್ದು?"

"ಪರಿಚಯದವರದ್ದು," ಎಂದು ಹೇಳಿ ಮೈಕನ್ನು ಲತೀಶನ ಕೈಗೆ ಕೊಟ್ಟಳು.